ಬರೆಯದ ಭಾನುವಾರ

ರೊವೀನಾ ಹನ್ನೊಂದು ವರ್ಷ ಹಣ್ಣಿನ ಶೆಡ್‌ನಲ್ಲಿ ನನ್ನ ಪಕ್ಕದಲ್ಲೇ ನಿಂತು ಸೇಬು ಆರಿಸಿದವಳು. ಒಳ್ಳೆಯವಳು. ಅವಳ ಒಳ್ಳೆಯತನ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮ ಟಾಸ್ಮೇನಿಯಾದ ಕಣಿವೆಯಲ್ಲಿ ಸೇಬಿನ ಕೆಲಸ ಅಕ್ಟೋಬರ್‌ಗೆ ಮುಗಿಯುತ್ತದೆ, ಚೆರ್ರಿ ಕೆಂಪಾದ ಮೇಲೆ ಮತ್ತೆ ಕರೆ ಬರುತ್ತದೆ. ಆ ವರ್ಷ ಹಿಮ ಬಿದ್ದು ಚೆರ್ರಿ ತಡವಾಯಿತು. ಒಂಬತ್ತು ವಾರ ಕೆಲಸವಿಲ್ಲ. ನಡುವೆ ಒಂದು ಭಾನುವಾರ ಹೊಳೆ ಉಕ್ಕಿ ಶೆಡ್‌ಗೆ ಕೆಸರು ನುಗ್ಗಿತು. ಮಾಲೀಕ ಕ್ಲೈವ್ ಫೋನ್ ಮಾಡಿದ. ಐದು ತಿಂಗಳ ಬಸುರಿ ರೊವೀನಾ ಬೆಳಿಗ್ಗೆ ಏಳಕ್ಕೇ ಬಂದು ಸಂಜೆಯ ತನಕ ಕೆಸರು ಬಳಿದಳು. ಕ್ಲೈವ್ ಹಾಜರಿ ಪುಸ್ತಕ ತೆಗೆದ.

"ಇಡಯ್ಯ ಪುಸ್ತಕ. ಕಷ್ಟಕ್ಕೆ ಬಂದಿದ್ದಕ್ಕೂ ಕೂಲೀನಾ?" ಎಂದಳು.

ಇಲ್ಲಿ ಎಲ್ಲರೂ ಹೇಳುವುದು ಅದನ್ನೇ. ಅವಳ ಜೊತೆ ಕೆಸರು ಬಳಿದ ನಾನೂ ಅದನ್ನೇ ಹೇಳಿದೆ.

ಮಾರ್ಚ್‌ನಲ್ಲಿ ಮಗು ಹುಟ್ಟಿತು. ಸರ್ಕಾರ ಹದಿನೆಂಟು ವಾರ ಸಂಬಳ ಕೊಟ್ಟು ತಾಯಿಯನ್ನು ಮನೆಯಲ್ಲಿ ಇರಿಸುತ್ತದೆ. ಅವಳ ಗಂಡ ದುಡಿಯುತ್ತಿದ್ದ ಮರದ ಮಿಲ್ ಮುಚ್ಚಿತ್ತು. ಸರ್ಕಾರದ ಆ ಸಂಬಳ ಸಿಗದಿದ್ದರೆ ಅವಳು ಹಸಿ ಬಾಣಂತಿಯಾಗಿಯೇ ಕೆಲಸಕ್ಕೆ ಬರಬೇಕು. ಆದರೆ ಎರಡು ಕೆಲಸದ ದಿನಗಳ ನಡುವೆ ಎಂಟು ವಾರಕ್ಕಿಂತ ಹೆಚ್ಚು ಖಾಲಿ ಇರಬಾರದಂತೆ. ಚೆರ್ರಿಗೆ ಈ ಕಾನೂನು ಯಾರು ಓದಿ ಹೇಳಬೇಕಿತ್ತೋ. ಆ ಭಾನುವಾರ ಪುಸ್ತಕದಲ್ಲಿ ಇದ್ದಿದ್ದರೆ ಒಂಬತ್ತು ವಾರ ಎರಡು ತುಂಡಾಗಿ ಎಲ್ಲ ಸರಿಹೋಗುತ್ತಿತ್ತು.

ಕ್ಲೈವ್‌ಗೂ ಪಶ್ಚಾತ್ತಾಪ. ಅವಳ ಮನೆಗೇ ಬಂದು ಕೂತ. "ಆ ಭಾನುವಾರಾನ ಈಗ ಬರೆದ್ರಾಯ್ತು. ಕೂಲೀನೂ ಕೊಡ್ತೀನಿ. ನೀನು ಹೂಂ ಅನ್ನು, ಸಾಕು."

ಸರ್ಕಾರಿ ಕಚೇರಿಯ ಹೆಂಗಸು ಫೋನಿನಲ್ಲಿ ಕೇಳಿದಳು. "ಆ ದಿನ ಸಂಬಳಕ್ಕೆ ಕೆಲಸ ಮಾಡಿದ್ರಾ?"

ಪಕ್ಕದಲ್ಲೇ ಕೂತಿದ್ದ ನಾನು ರೊವೀನಾಳ ತೊಡೆ ಚಿವುಟಿದೆ.

"ಇಲ್ಲಮ್ಮ," ಎಂದಳು ಈ ಮಹಾತಾಯಿ. "ಸ್ನೇಹಕ್ಕೆ ಹೋಗಿದ್ದೆ."

ಮುಗಿಯಿತು, ಹದಿನೆಂಟು ವಾರದ ಸಂಬಳ ಹೋಯಿತು. "ನಿನ್ನ ಬಾಯಿಗೆ ಮಣ್ಣು ಹಾಕ," ಎಂದೆ. "ಸುಳ್ಳು ಹೇಳಿ ಮಗೂನ ಸಾಕಲಾ, ಮೌರೀನ್?" ಎಂದು ನನ್ನನ್ನೇ ಕೇಳಿದಳು. ನಮ್ಮದೇ ಊರಿನ ಬ್ಯಾಂಕ್ ಮ್ಯಾನೇಜರಮ್ಮನಿಗೆ ಹೆರಿಗೆಗೆ ಬ್ಯಾಂಕಿನ ರಜೆಯೂ ಸಿಕ್ಕಿತು, ಸರ್ಕಾರದ್ದೂ ಸಿಕ್ಕಿತು. ಸಿಗಲಿ, ಅವಳೂ ಹೆತ್ತವಳೇ. ಆದರೆ ಕೆಸರು ಬಳಿದವಳು ಮಾತ್ರ ಕೆಲಸ ಮಾಡಿದವಳು ಅಲ್ಲ ಅಂತಾಯಿತೇ?

ನಾಲ್ಕನೇ ವಾರಕ್ಕೇ ರೊವೀನಾ ಶೆಡ್‌ಗೆ ಬಂದಳು. ಮಗು ಸೇಬಿನ ಪೆಟ್ಟಿಗೆಯಲ್ಲಿ ಮಲಗಿತು. ಅದು ಅತ್ತಾಗಲೆಲ್ಲ ಅವಳ ಅಂಗಿಯ ಎದೆ ಒದ್ದೆಯಾಗುತ್ತಿತ್ತು. ಯಂತ್ರ ನಿಲ್ಲುವ ತನಕ ಹಾಗೇ ನಿಂತು ಹಣ್ಣು ಆರಿಸುತ್ತಿದ್ದಳು.

ಜುಲೈನ ಒಂದು ಭಾನುವಾರ ಗಾಳಿಗೆ ಶೆಡ್‌ನ ತಗಡು ಹಾರಿಹೋಯಿತು. ಕ್ಲೈವ್ ಮತ್ತೆ ಫೋನ್ ಮಾಡಿದ. ರೊವೀನಾ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದವಳು ನೇರ ಮೊಳೆಗೆ ತೂಗುಹಾಕಿದ್ದ ಹಾಜರಿ ಪುಸ್ತಕ ತೆಗೆದು, ತನ್ನ ಹೆಸರು, ಬಂದ ಹೊತ್ತು ಬರೆದಳು.

ಕ್ಲೈವ್ ಮುಖ ಸಪ್ಪೆ ಮಾಡಿದ. "ನಾವು ಸ್ನೇಹಿತರಲ್ವೇನೇ?"

"ಹೌದು ಕಣಯ್ಯ. ಅದಕ್ಕೇ ಭಾನುವಾರವೂ ಬಂದಿದ್ದು." ಪೆನ್ನನ್ನು ನನ್ನ ಕೈಗೆ ಕೊಟ್ಟಳು. "ಬರಿ, ಮೌರೀನ್."

ನನ್ನ ಇಬ್ಬರು ಮಕ್ಕಳೂ ಅದೇ ಪೆಟ್ಟಿಗೆಗಳಲ್ಲಿ ಮಲಗಿ ಬೆಳೆದವರು. ಮೂವತ್ತು ವರ್ಷದಲ್ಲಿ ಭಾನುವಾರದ ಪುಟದಲ್ಲಿ ನಾನು ಹೆಸರು ಬರೆದದ್ದು ಅದೇ ಮೊದಲು.