ಟಿಕ್ ಎಂದು ನಿಂತ ಗಾಡಿ

ನಮ್ಮತ್ತಿಗೆ ಉಪಕಾರವನ್ನು ಮರೆಯುತ್ತಿರಲಿಲ್ಲ. ಅಪಕಾರವನ್ನಂತೂ ಮರೆಯುವ ಮಾತೇ ಇರಲಿಲ್ಲ. ಅಣ್ಣ ತೀರಿಕೊಂಡ ವರ್ಷ ಗಾಲ್ಫ್ ಮೈದಾನದ ಶೆಡ್ಡಿಗೆ ಕಸ ಗುಡಿಸಲು ಸೇರಿದಾಕೆ, ಮೂರು ವರ್ಷದೊಳಗೆ ಅಲ್ಲಿನ ಮೂವತ್ತು ಬ್ಯಾಟರಿ ಗಾಡಿಗಳ ನಾಡಿ ಹಿಡಿದಳು. ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. ಮೆಕ್ಯಾನಿಕ್ಕು ಊಟಕ್ಕೆ ಹೋದಾಗ ಸೀಟು ಎತ್ತಿ ನೋಡಿದಳು, ಬೈಸಿಕೊಂಡಳು, ಮತ್ತೆ ಎತ್ತಿ ನೋಡಿದಳು. ಆತ ಕೆಲಸ ಬಿಟ್ಟ ಮೇಲೆ ಆ ಜಾಗದಲ್ಲಿ ಹದಿನೆಂಟು ವರ್ಷ ಈಕೆಯೇ. ಅದೇ ಮೈದಾನದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದ ನಾನು ಕಂಡ ಹಾಗೆ, ಆಕೆಯ ಕೈ ತಾಗಿದ ಗಾಡಿ ದಾರಿಯಲ್ಲಿ ಕೈಕೊಟ್ಟದ್ದಿಲ್ಲ.

ಆಕೆಯದೊಂದು ಕಟ್ಟುನಿಟ್ಟು: ಮೊದಲು ಚಾರ್ಜು, ಆಮೇಲೆ ನೀರು. ಚಾರ್ಜಿಗೆ ಹಾಕಿದ ಬ್ಯಾಟರಿಯೊಳಗಿನ ಆಸಿಡ್ ಒಲೆಯ ಮೇಲಿನ ಹಾಲಿನಂತೆ ಮೇಲೇರುತ್ತದೆ. ಮೊದಲೇ ಕಂಠಮಟ್ಟ ನೀರು ತುಂಬಿದ್ದರೆ ಉಕ್ಕಿ ಹೊರಗೆ ಚೆಲ್ಲುತ್ತದೆ, ತಂತಿಗಳನ್ನು ತಿನ್ನುತ್ತದೆ.

ಹೊಸ ಸೂಪರ್‌ವೈಸರ್ ಬಂದ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಗೋಡೆಗೆ ಕಟ್ಟು ಹಾಕಿಸಿದ ಸರ್ಟಿಫಿಕೇಟು. ಬಂದ ವಾರವೇ, ಎಲ್ಲಕ್ಕೂ ನೀರು ತುಂಬಿ ಆಮೇಲೆ ಚಾರ್ಜಿಗೆ ಹಾಕಿ ಎಂದ. ಅತ್ತಿಗೆ ಬೇಡ ಎಂದಳು. “ಓದಿ ಬಂದಿರೋದು ನಾನೋ ನೀನೋ?” ಎಂದು ತಾನೇ ಎದುರು ನಿಂತು ತುಂಬಿಸಿದ. ಬೆಳಗ್ಗೆ ನೋಡಿದರೆ ನೆಲವೆಲ್ಲ ಆಸಿಡ್. ಕ್ಲಬ್ಬಿನ ಕಾರ್ಯದರ್ಶಿ ಬಂದು ನಿಂತಾಗ, ಶೆಡ್ಡಿನ ಎಂಟೂ ಜನರ ಎದುರು ಅತ್ತಿಗೆಯ ತಲೆ ಮೇಲೆ ಗೂಬೆ ಕೂರಿಸಿದ. “ಅಕ್ಷರ ಬರದೋರ ಕೈಗೆ ಬ್ಯಾಟರಿ ಕೊಟ್ರೆ ಇನ್ನೇನಾಗತ್ತೆ ಸಾರ್?” ಎಂಟು ಬಾಯಿಗೂ ಬೀಗ. ಅಂದೇ ಆಕೆಯನ್ನು ಶೆಡ್ಡಿನಿಂದ ತೆಗೆದು, ಕೆಸರು ಮೆತ್ತಿದ ಚೆಂಡು ತೊಳೆಯಲು ಹಾಕಿದರು.

“ಹೋಗ್ಲಿ ಬಿಡಿ ಅತ್ತಿಗೆ, ಹೊಟ್ಟೇಲಿ ಹಾಕ್ಕೊಳ್ಳಿ” ಎಂದೆ.

“ಹಾಕ್ಕೊಂಡಿದೀನಪ್ಪ, ಅದಕ್ಕೇ ಉರೀತಿದೆ. ‘ನಾನೇ ಮಾಡಿದ್ದು’ ಅಂತ ಅವನ ಬಾಯಿಂದ್ಲೇ ಹೇಳಿಸ್ತೀನಿ. ಅಲ್ಲೀವರೆಗೂ ಹಲ್ಲು ಮಸೀತಾ ಇರ್ತೀನಿ. ಸವೆದು ಹೋದ್ರೆ ಕಟ್ಟಿಸ್ಕೊಂಡ್ರಾಯ್ತು.”

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಕಾರ್ಯದರ್ಶಿಯನ್ನು ಕೂರಿಸಿಕೊಂಡು ಸೂಪರ್‌ವೈಸರ್ ಓಡಿಸುತ್ತಿದ್ದ ಗಾಡಿ, ನಾನು ಹುಲ್ಲು ಕತ್ತರಿಸುತ್ತಿದ್ದ ಏರಿನ ನಡುವೆ ನಿಂತಿತು. ಜಪ್ಪಯ್ಯ ಎಂದರೂ ಕದಲಲಿಲ್ಲ. ಪೆಡಲ್ ತುಳಿದಾಗಲೆಲ್ಲ ಒಂದು ‘ಟಿಕ್’, ಅಷ್ಟೇ. ಅರ್ಧ ಗಂಟೆ ಬಿಸಿಲಲ್ಲಿ ಬೆವರಿದ ಕಾರ್ಯದರ್ಶಿ ನನ್ನ ಕಡೆ ತಿರುಗಿ, “ನಿಮ್ಮತ್ತಿಗೇನ ಕರೀರಿ” ಎಂದರು.

ಅತ್ತಿಗೆ ಒದ್ದೆ ಕೈ ಒರೆಸಿಕೊಳ್ಳುತ್ತ, ಸಾಮಾನಿನ ಚೀಲ ಹೆಗಲಿಗೇರಿಸಿ, ಯಾವ ಅವಸರವೂ ಇಲ್ಲದೆ ಬಂದಳು. ಒಮ್ಮೆ ಪೆಡಲ್ ತುಳಿಸಿ ಸದ್ದು ಕೇಳಿದಳು. ಆಗಲೇ ರೋಗ ಸಿಕ್ಕಿತ್ತು. ಆಕೆಯ ಮುಖ ನೋಡಿದರೆ ಸಾಕಿತ್ತು. ಆದರೂ ಕೈ ಹಚ್ಚಲಿಲ್ಲ.

“ಚೆಂಡು ತೊಳೆದೂ ತೊಳೆದೂ ಕೈ ಸೋತಿದೆ. ನಾನು ಹೇಳ್ತೀನಿ, ನೀವು ಮಾಡಿ. ಓದಿರೋರಲ್ವಾ.”

ಸೂಪರ್‌ವೈಸರ್ ಕೈಯಲ್ಲಿ ಕೀಲಿ ತೆಗೆಸಿ ಮತ್ತೆ ಹಾಕಿಸಿದಳು. ಮುಂದಕ್ಕೆ ಹಿಂದಕ್ಕೆ ಹೋಗುವ ಗುಂಡಿಯನ್ನು ನಾಲ್ಕು ಸಲ ಒತ್ತಿಸಿದಳು. ಹಗ್ಗ ಕಟ್ಟಿ ಎಳೆಯುವಾಗ ಹಾಕುವ ಸ್ವಿಚ್ಚು ನೋಡಲು ಸೀಟು ಎತ್ತಿಸಿದಳು. ಅಂಗಾತ ಮಲಗಿಸಿ ಮೋಟರಿನ ತಂತಿ ಮುಟ್ಟಿಸಿದಳು. ಬಿಳಿ ಅಂಗಿಯ ಬೆನ್ನು ಹಸಿರಾಯಿತು. ಇದಾವುದರಲ್ಲೂ ದೋಷವಿಲ್ಲವೆಂದು ಆಕೆಗೆ ಗೊತ್ತಿತ್ತು. ನಾನು ಯಂತ್ರ ಆರಿಸಿ ಕೂತು ನೋಡಿದೆ, ಹೊಟ್ಟೆ ತಣ್ಣಗಾಯಿತು.

“ಬ್ಯಾಟರಿ ಸರಿಯಾಗೇ ಇದೆಯಲ್ಲಮ್ಮ, ಮೀಟರ್ ತೋರಿಸ್ತಿದೆ” ಎಂದ ಆತ, ಏದುಸಿರು ಬಿಡುತ್ತ.

“ಸುಮ್ನೆ ಕೂತಾಗ ಎಲ್ಲಾ ಸರಿಯಾಗೇ ಕಾಣತ್ತೆ. ಟಿಕ್ ಅನ್ನೋಕೆ ಒಂದು ಚಿಟಿಕೆ ಕರೆಂಟ್ ಸಾಕು, ಓಡೋಕೆ ಬುಟ್ಟಿ ತುಂಬ ಬೇಕು. ದಾರೀಲಿ ಎಲ್ಲೋ ತಡೀತಿದೆ. ಮೂರನೇ ಬ್ಯಾಟರಿ ತಂತಿಗೆ ಕಪ್ಪು ಟೇಪ್ ಸುತ್ತಿದೆಯಲ್ಲ, ಅದನ್ನ ಬಿಚ್ಚಿ.”

ಆತ ಕೈ ಚಾಚಲಿಲ್ಲ.

“ಬಿಚ್ರೀ” ಎಂದರು ಕಾರ್ಯದರ್ಶಿ.

ಟೇಪಿನೊಳಗೆ ತಂತಿಯ ತುದಿ ಹಸಿರು ಹುಡಿಯಾಗಿ ಉದುರುತ್ತಿತ್ತು.

“ಟೇಪ್ ಸುತ್ತಿದ್ದು ಯಾರು?” ಅತ್ತಿಗೆ ಕೇಳಿದಳು.

“ನಾನೇ.”

“ಯಾಕೆ?”

“ಆಸಿಡ್ ತಿಂದಿತ್ತು.”

“ಆಸಿಡ್ ಯಾಕೆ ಉಕ್ತು?”

ಆತ ತುಟಿ ಒದ್ದೆ ಮಾಡಿಕೊಂಡ. “ಚಾರ್ಜಿಗೆ ಮೊದ್ಲೇ ನೀರು ತುಂಬಿದ್ರಿಂದ.”

“ತುಂಬಿ ಅಂದಿದ್ದು?”

ಕಾರ್ಯದರ್ಶಿ ಕನ್ನಡಕ ತೆಗೆದು ಆತನ ಮುಖವನ್ನೇ ನೋಡುತ್ತಿದ್ದರು.

“ನಾನು.”

ಆಗ ಅತ್ತಿಗೆ ಚೀಲ ಬಿಚ್ಚಿದಳು. ಕೊಳೆತ ತಂತಿ ತೆಗೆದು, ತಂತಿ ಕೂರುವ ಬ್ಯಾಟರಿ ಕಂಬ ಉಜ್ಜಿ, ಬೇರೆ ತಂತಿ ಬಿಗಿದಳು. ಹತ್ತು ನಿಮಿಷದ ಕೆಲಸ. ಗಾಡಿ ಮೆಲ್ಲಗೆ ಏರು ಹತ್ತಿತು. “ತಪ್ಪಾಯ್ತಮ್ಮ, ನಾಳೆಯಿಂದ ಶೆಡ್ಡಿಗೆ ಬನ್ನಿ. ಇದನ್ನ ಇಲ್ಲಿಗೆ ಮುಗಿಸಿಬಿಡಿ” ಎಂದರು ಕಾರ್ಯದರ್ಶಿ.

“ಎಲ್ಲಿ ಮುಗೀತು ಸಾರ್? ನನ್ನ ಮಾನ ತೆಗೆದಿದ್ದು ಈ ಹುಲ್ಲಿನ ಮುಂದೆ ಅಲ್ವಲ್ಲ, ಎಂಟು ಜನರ ಮುಂದೆ. ಹತ್ತಿ ಇಬ್ರೂ.”

ಆಕೆಯೇ ಓಡಿಸಿದಳು. ನಾನು ಹುಲ್ಲು ಅಲ್ಲಿಗೇ ಬಿಟ್ಟು ಹಿಂದೆಯೇ ಹೋದೆ. ಶೆಡ್ಡಿನ ಬಾಗಿಲಿಗೆ ಎಂಟೂ ಜನರನ್ನು ಕರೆಸಿದಳು. ಸೂಪರ್‌ವೈಸರ್ ನೆಲ ನೋಡುತ್ತ, ನೀರು ತುಂಬಿಸಿದ್ದು ತಾನು, ಸುಳ್ಳು ಹೇಳಿದ್ದೂ ತಾನು ಎಂದು ಗೊಣಗಿದ. ಯಾರೋ ಕೆಮ್ಮಿದರು. ಅಷ್ಟು ಸಾಕೆಂದು ನನಗೂ ಅನ್ನಿಸಿತು; ಹುಲ್ಲಿನ ಹಸಿರು ಮೆತ್ತಿದ ಆ ಬೆನ್ನು ನೋಡಲಾಗುತ್ತಿರಲಿಲ್ಲ.

ಅತ್ತಿಗೆಗೆ ಹಾಗೆ ಅನ್ನಿಸಲಿಲ್ಲ. ಗಾಡಿಯಿಂದ ಇಳಿಯದೆಯೇ, ಹಿಂದೆ ನಿಂತಿದ್ದ ಟೈರ್ ಬದಲಿಸುವವನತ್ತ ಕೈ ತೋರಿಸಿದಳು.

“ಅವನಿಗೆ ಕಿವಿ ಸ್ವಲ್ಪ ಮಂದ. ತಲೆ ಎತ್ತಿ ಇನ್ನೊಂದ್ಸಲ ಹೇಳಿ.”

ಆತ ತಲೆ ಎತ್ತಿದ. ಇನ್ನೊಂದು ಸಲ ಹೇಳಿದ.