ಬರ್ನಡೆಟ್‌ಳ ತೋಳು, ಇಬ್ಬರ ಜಂಬ

ದೋಹಾದ ಮಂಗಳೂರು ಕ್ರೈಸ್ತರಲ್ಲಿ ಮದುವೆಯ ಗೌನ್ ಹೊಲಿಸಬೇಕೆಂದರೆ ಬರ್ನಡೆಟ್ ಬೇಕು. ಆದರೆ ಅವಳ ಬಾಯಿಗೆ ಎಲ್ಲರೂ ಹೆದರುತ್ತಿದ್ದರು. ಮದುಮಗಳ ಸೊಂಟ ದಪ್ಪವಾಗಿದ್ದರೆ ಅದನ್ನು ಮುಖಕ್ಕೇ ಹೇಳುವವಳು. ಮೂತ್ರಪಿಂಡಗಳು ಕೈಕೊಟ್ಟ ಮೇಲೂ ಅವಳು ಊರಿಗೆ ಹೋಗಲಿಲ್ಲ. ಗಂಡ ರಾಫೆಲ್ ದೂರದ ರಾಸ್ ಲಫಾನ್‌ನ ಗ್ಯಾಸ್ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸದವನು. ಅಲ್ ಥುಮಾಮಾದ ಮನೆಯಿಂದ ಅವಳೊಬ್ಬಳೇ ಟ್ಯಾಕ್ಸಿ ಹಿಡಿದು ಡಯಾಲಿಸಿಸ್‌ಗೆ ಹೋಗಿಬರುತ್ತಿದ್ದಳು.

೨೦೦೭ರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಸೂಜಿ ಚುಚ್ಚುವ ಮುಂಚೆ ನರ್ಸ್ ಗ್ರೀಷ್ಮಾ ಅವಳ ಎಡತೋಳು ಮುಟ್ಟಿ ನೋಡಿದಳು. ಡಯಾಲಿಸಿಸ್‌ಗೆಂದೇ ಅಲ್ಲಿ ಚರ್ಮದಡಿ ಒಂದು ಕೊಳವೆ ಕೂರಿಸಿದ್ದರು. ರಕ್ತ ಹರಿಯುವ ಝುಂ ಎನ್ನುವ ಮಿಡಿತವೇ ಇಲ್ಲ.

“ಬಾಯಮ್ಮಾ, ರಕ್ತ ಹೆಪ್ಪುಗಟ್ಟಿ ಬಂದ್ ಆಗಿದೆ.”

ಅದನ್ನು ತೆರವು ಮಾಡಬಲ್ಲವರು ಆ ಆಸ್ಪತ್ರೆಯಲ್ಲಿ ಇಬ್ಬರು. ಡಾಕ್ಟರುಗಳ ಸಭೆಗಳಲ್ಲಿ ಇಬ್ಬರೂ ಹಾವು ಮುಂಗುಸಿ; ಅವತ್ತು ಅವಳ ಮಂಚದ ಪಕ್ಕದಲ್ಲೇ ಶುರುವಾಯಿತು. ತೋಳು ಕೊಯ್ದು, ಬಲೂನು ತೂರಿಸಿ ಹೆಪ್ಪನ್ನು ಎಳೆದುಬಿಡಬೇಕು ಎಂದ ಸರ್ಜನ್. ಕೊಯ್ಯುವುದು ಕಟುಕರ ಕೆಲಸ, ಸೂಜಿಯಲ್ಲಿ ಮದ್ದು ಬಿಟ್ಟು ಕರಗಿಸಬೇಕು ಎಂದ ರೇಡಿಯಾಲಜಿಸ್ಟ್. ಒಬ್ಬ ಒಂದು ದೇಶದ ಅಧ್ಯಯನ ಎತ್ತಿದರೆ ಇನ್ನೊಬ್ಬ ಮತ್ತೊಂದು ದೇಶದ್ದು. ಮೈಯಲ್ಲಿ ನೀರು ತುಂಬಿ ಮಂಚದ ಮೇಲೆ ಏದುಸಿರು ಬಿಡುತ್ತಿದ್ದವಳು ಆ ಪಂಡಿತರ ಶೇಕಡಾವಾರಿನಲ್ಲಿ ಎಲ್ಲಿಯೂ ಇರಲಿಲ್ಲ.

“ಜಗಳ ಆಮೇಲೆ ಮಾಡಿ ಡಾಕ್ಟ್ರೇ,” ಎಂದಳು ಬರ್ನಡೆಟ್. “ಮೊದಲು ಯಾರಾದ್ರೂ ಒಬ್ರು ಕೆಲಸ ಮಾಡಿ. ಯಲ್ಲಾ, ಬೇಗ!”

ಸರ್ಜನ್ ಹಿರಿಯ, ಗೆದ್ದ. ಹೊರತೆಗೆದ ಹೆಪ್ಪನ್ನು ಟ್ರೇಯಲ್ಲಿಟ್ಟು, ದೊಡ್ಡ ಮೀನು ಹಿಡಿದವನಂತೆ ಫೋಟೋ ಹೊಡೆಸಿಕೊಂಡ. ಕೊಳವೆ ಹೋಗಿ ಸೇರುವಲ್ಲಿ ರಕ್ತನಾಳ ಕಿರಿದಾಗಿತ್ತು, ರಕ್ತ ನಿಂತದ್ದೇ ಅದರಿಂದ. ಅದನ್ನು ನೋಡಲು ಮಹಾಶಯನಿಗೆ ಪುರುಸೊತ್ತಾಗಲಿಲ್ಲ. ವಾರ ತುಂಬುವುದರೊಳಗೆ ಮತ್ತೆ ಬಂದ್.

ರೇಡಿಯಾಲಜಿಸ್ಟ್ ಹಲ್ಲು ಕಿರಿಯುತ್ತಾ ಬಂದ. “ನಾನು ಹೇಳಿರಲಿಲ್ಲವೇ?”

“ನನ್ನ ಕೈ ಹಾಳಾದ್ದು ನಿಮಗೆ ಹಬ್ಬವಾ?”

ಅವನು ಹೆಪ್ಪು ಕರಗಿಸಿದ. ಎಕ್ಸ್‌ರೇ ನೋಡುತ್ತಾ ಕಿರಿದಾದ ನಾಳವನ್ನೂ ಹಿಗ್ಗಿಸಿದ. ಈ ಸಲ ಕೊಳವೆ ಮತ್ತೆ ಬಂದ್ ಆಗಲಿಲ್ಲ. ಉಳಿಸಿದ್ದು ನಾಳ ಹಿಗ್ಗಿಸಿದ್ದು; ಆದರೆ ಅವನು ಊರಿಡೀ ಸಾರಿದ್ದು ತನ್ನ ಮದ್ದಿನ ಮಹಿಮೆಯನ್ನು.

ಚಳಿಗಾಲದಲ್ಲಿ ವೆಸ್ಟ್ ಬೇಯ ಹೋಟೆಲಿನಲ್ಲಿ ಡಾಕ್ಟರುಗಳ ಸಮ್ಮೇಳನ. ರೋಗಿಯ ಅನುಭವ ಹೇಳಲು ಬರ್ನಡೆಟ್‌ಗೂ ಕರೆ. ಸರ್ಜನ್ ಪರದೆಯ ಮೇಲೆ ಅವಳ ತೋಳು ತೋರಿಸಿ ‘ಯಶಸ್ವಿ’ ಎಂದ. ಮತ್ತೆ ಬಂದ್ ಆದ ಸುದ್ದಿಯೇ ಇಲ್ಲ. ರೇಡಿಯಾಲಜಿಸ್ಟ್ ಅದೇ ತೋಳನ್ನು ತೋರಿಸಿ ತನ್ನ ಗೆಲುವೆಂದ.

ಮೈಕು ಸಿಕ್ಕಿದಾಗ ಅವಳು ತೋಳೇರಿಸಿದಳು. “ಇಬ್ರೂ ತೋರಿಸಿದ್ದು ಇದನ್ನೇ. ನಡುವೆ ಇದು ಸತ್ತಿತ್ತು. ಅದನ್ನು ಎಂತಕ್ಕೆ ಯಾರೂ ಹೇಳ್ಲಿಲ್ಲ?”

ಸಮಯ ಮುಗಿಯಿತು ಎಂದರು ಅಧ್ಯಕ್ಷರು. ಊಟದಲ್ಲಿ ಆ ಇಬ್ಬರೂ ಬಿರಿಯಾನಿಯ ಮುಂದೆ ಹೆಗಲಿಗೆ ಕೈ ಹಾಕಿಕೊಂಡು ನಗುತ್ತಿದ್ದರು. ಇವರಿಗೆ ನೆಟ್ಟಗೆ ದ್ವೇಷ ಮಾಡಲೂ ಬರುವುದಿಲ್ಲವಲ್ಲ ಎಂದು ಅವಳಿಗೆ ಅಸಹ್ಯವಾಯಿತು.

“ಖಲಾಸ್,” ಎಂದಳು ಮನೆಗೆ ಬಂದು ರಾಫೆಲ್‌ಗೆ. “ಬೇರೆ ಆಸ್ಪತ್ರೆ ನೋಡುವ.”

ಹೊಸ ಆಸ್ಪತ್ರೆಯ ಡಾಕ್ಟರ್ ಮೊದಲ ದಿನವೇ ರಕ್ತನಾಳ ಎಲ್ಲಿ ಕಿರಿದಾಗಿದೆ ಎಂದು ಹುಡುಕಿದ. ಎಳೆಯುವುದೋ ಕರಗಿಸುವುದೋ ಆಮೇಲಿನ ಮಾತು ಎಂದ. ಅವನಿಗೂ ಬೈಗುಳ ತಪ್ಪಲಿಲ್ಲ: ಅವನ ಕೋಣೆಯ ಏಸಿ ವಿಪರೀತ ತಂಪಂತೆ.