ಮಾವನ ರುಮಾಲು, ಅತ್ತೆಯ ಎಣ್ಣೆ

ತಳಕಲ್‌ನಿಂದ ಕೊಪ್ಪಳಕ್ಕೆ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗುವವಳು ನಾನು. ಅಲ್ಲಿನ ಒಂದು ಕಚೇರಿಯಲ್ಲಿ ಕೆಲಸ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ನನ್ನ ಪಕ್ಕದ ಸೀಟಿಗೆ ಬಂದವರೆಲ್ಲ ಒಮ್ಮೆ ಮೂಗು ಏರಿಸಿ ಆಮೇಲೆ ನನ್ನ ಊಟದ ಡಬ್ಬಿಯ ಕಡೆ ನೋಡುವುದು ರೂಢಿಯಾಗಿತ್ತು. ಇಷ್ಟು ಮುಂಜಾನೆಯೇ ಮಿರ್ಚಿ ಕರಿದಿರೇನು ಎಂದು ಒಬ್ಬಾಕೆ ಕೇಳಿಯೂಬಿಟ್ಟಳು. ಮಿರ್ಚಿಯಲ್ಲ ತಾಯಿ, ನಮ್ಮ ಮಾವನ ಭುಜಕ್ಕೆ ಹಚ್ಚುವ ಎಣ್ಣೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಅರ್ಧ ದಾರಿ ಮುಗಿದಿತ್ತು.

ಆದದ್ದಿಷ್ಟು. ಮಳೆ ಬಿದ್ದ ಮರುದಿನ ಹೊಲಕ್ಕೆ ಹೋಗಬೇಡಿ ಎಂದು ಬಾಯಿ ನೋಯುವಷ್ಟು ಹೇಳಿದರೂ ಮಾವ ಮೊಪೆಡ್ ಏರಿ ಹೋದರು. ಎರೆಮಣ್ಣಿನ ದಾರಿ ಸುಮ್ಮನೆ ಬಿಡುತ್ತದೆಯೇ, ಜಾರಿಸಿ ಬಲಭುಜದ ಮೇಲೆ ಕೆಡವಿತು. ಕೊಪ್ಪಳದ ಡಾಕ್ಟರು ಎಕ್ಸ್‌ರೇ ನೋಡಿ ಎಲುಬು ಗಟ್ಟಿಯಾಗಿದೆ ಎಂದು ಗುಳಿಗೆ ಕೊಟ್ಟರು. ನೋವು ಇಳಿಯಿತು, ಆದರೆ ಭುಜ ಹಿಡಿದುಕೊಂಡುಬಿಟ್ಟಿತು. ಕೈ ಕಿವಿಯ ಮಟ್ಟಕ್ಕಿಂತ ಮೇಲೆ ಏರದು. ಮತ್ತೆ ತೋರಿಸಿದಾಗ, ಇದು ನಿಧಾನಕ್ಕೆ ಬಿಡುತ್ತದೆ, ಹೇಳಿಕೊಟ್ಟ ವ್ಯಾಯಾಮ ತಪ್ಪಿಸಬೇಡಿ, ಬೇಕಿದ್ದರೆ ಮನೆಯಲ್ಲಿ ಹಗುರಾಗಿ ಎಣ್ಣೆ ತಿಕ್ಕಿ ಎಂದರು.

ಉಣ್ಣಲು, ಉಡಲು ಅವರಿಗೆ ತೊಂದರೆ ಇರಲಿಲ್ಲ. ತೊಂದರೆಯೆಲ್ಲ ರುಮಾಲಿನದು. ರುಮಾಲಿಲ್ಲದೆ ಮಾವ ಹೊಸ್ತಿಲು ದಾಟಿದ್ದನ್ನು ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕಂಡಿಲ್ಲ. ಅದನ್ನು ಸುತ್ತಬೇಕಾದರೆ ಎರಡೂ ಕೈ ನೆತ್ತಿಯ ಮೇಲಕ್ಕೆ ಹೋಗಬೇಕು. ಹೋಗುತ್ತಿರಲಿಲ್ಲ. ಹಾಗಾಗಿ ಊರೆಲ್ಲ ಸುತ್ತುವ ಮನುಷ್ಯ ತಲೆಗೊಂದು ಟವೆಲು ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತು ಎಲ್ಲದಕ್ಕೂ ತಕರಾರು ತೆಗೆಯತೊಡಗಿದರು.

ಇಂಥದ್ದರಲ್ಲಿ ನನ್ನ ಮಗಳಿಗೆ ಗಂಗಾವತಿಯ ಕಡೆಯ ಸಂಬಂಧ ಕೂಡಿಬಂತು. ದೀಪಾವಳಿ ಕಳೆದ ಮೇಲೆ ಹೇಮಗುಡ್ಡದ ದೇವಿಯ ಗುಡಿಯಲ್ಲಿ ನಿಶ್ಚಯ ಮಾಡುವುದೆಂದು ಹಿರಿಯರು ಮಾತಾಡಿಕೊಂಡರು. ರುಮಾಲು ಕಟ್ಟಲಾಗದಿದ್ದರೆ ತಾನು ಬರುವುದಿಲ್ಲವೆಂದು ಮಾವ ಹಟ ಹಿಡಿದರು. ನಾನು ಕಟ್ಟುತ್ತೇನಪ್ಪ ಎಂದು ನನ್ನ ಗಂಡ ಮುಂದೆ ಬಂದರೆ, ಅವರ ಉತ್ತರ ಸಿದ್ಧವಾಗಿತ್ತು.

"ಮತ್ತೊಬ್ಬರ ಕೈಲೆ ರುಮಾಲು ಕಟ್ಟಿಸ್ಕೊಳ್ಳೋದು ಎರಡ ಸಲ. ಮದಿವ್ಯಾಗೊಮ್ಮೆ, ಹೋಗಾಗೊಮ್ಮೆ. ಮೊದಲನೇದು ಆಗೈತಿ. ಎರಡನೇದಕ್ಕ ನನಗೇನೂ ಅವಸರ ಇಲ್ಲ."

ನಾನು ಕೊಪ್ಪಳದ ಪ್ಯಾಟಿಯೆಲ್ಲ ಅಲೆದು ಟೋಪಿಯ ಹಾಗೆ ಇಟ್ಟುಕೊಳ್ಳುವ ಸಿದ್ಧ ರುಮಾಲೊಂದನ್ನು ತಂದೆ. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಮೂಲೆಯಲ್ಲಿದ್ದ ಕುಂಬಳಕಾಯಿಯ ಮೇಲೆ ಇಟ್ಟು, ಇದಕ್ಕೆ ಭಾಳ ಒಪ್ಪುತ್ತದೆ ಎಂದರು. ನನ್ನ ಪಿತ್ತ ನೆತ್ತಿಗೇರಿತು. ಉಳಿದವರೆಲ್ಲ ನಕ್ಕರು, ಮಗಳು ಮಾತ್ರ ನಗಲಿಲ್ಲ. ಮುತ್ಯಾ ಬರದಿದ್ದರೆ ತನಗೆ ಈ ನಿಶ್ಚಯವೇ ಬೇಡ ಎಂದು ಅಳುತ್ತಾ ಕೋಣೆ ಸೇರಿದಳು.

ಇದನ್ನೆಲ್ಲ ನೋಡುತ್ತಿದ್ದ ಅತ್ತೆ ಎದ್ದು, ಕೈಚೀಲ ಹಿಡಿದು ಹಳ್ಳದ ಕಡೆ ನಡೆದರು. ಬರುವಾಗ ಚೀಲದ ತುಂಬ ಲಕ್ಕಿ ಸೊಪ್ಪು. ಮೈಕೈ ನೋವಿಗೆ ಅವರ ತವರಿನಲ್ಲಿ ಕಾಯಿಸುತ್ತಿದ್ದ ಎಣ್ಣೆಯಂತೆ ಅದು. ಸೊಪ್ಪು ಅರೆಯುವುದನ್ನು ನನಗೆ ಹಚ್ಚಿದರು. ಬೆಳ್ಳುಳ್ಳಿ ಸುಲಿಯುವುದನ್ನೂ ನನಗೇ ಹಚ್ಚಿದರು. ತಾವು ಮಾತ್ರ ಒಲೆಯ ಮುಂದೆ ಕುಳಿತು, ಎಳ್ಳೆಣ್ಣೆಗೆ ಸೊಪ್ಪಿನ ರಸ, ಬೆಳ್ಳುಳ್ಳಿ, ಅಜವಾನ, ಒಣಶುಂಠಿ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇದ್ದರು. ಆ ಬೆಳ್ಳುಳ್ಳಿ, ಅಜವಾನದ ವಾಸನೆಗೆ ಪಕ್ಕದ ಮನೆಯವರು ಮಿರ್ಚಿಯ ಜೊತೆಗೆ ಪುಟಾಣಿ ಚಟ್ನಿಯೂ ಇದೆಯೇ ಎಂದು ಇಣುಕಿ ಹೋದರು. ನೀರಿನ ಪಸೆ ಆರಿದೆಯೇ ಎಂದು ನೋಡಲು ಬತ್ತಿಯೊಂದನ್ನು ಎಣ್ಣೆಯಲ್ಲಿ ಅದ್ದಿ ಉರಿಸಬೇಕು. ಚಟಪಟ ಎಂದರೆ ಇನ್ನೂ ಕಾಯಬೇಕು, ಸುಮ್ಮನೆ ಉರಿದರೆ ಇಳಿಸಬೇಕು. ಆ ಬತ್ತಿಯನ್ನೂ ನಾನೇ ಹೊಸೆಯಬೇಕಾಯಿತು. ಎಲ್ಲ ನನಗೇ ಗಂಟು ಬಿತ್ತಲ್ಲ ಎಂದು ಒಳಗೊಳಗೇ ಗೊಣಗಿಕೊಂಡೆ.

ಮರುದಿನದಿಂದ ಮುಂಜಾನೆಯ ಎಳೆ ಬಿಸಿಲಿಗೆ ಮನೆ ಮುಂದಿನ ಕಟ್ಟೆಯ ಮೇಲೆ ಅವರಿಬ್ಬರ ದರ್ಬಾರು. ಅತ್ತೆ ಬೆಚ್ಚನೆಯ ಎಣ್ಣೆ ಹಾಕಿ ಭುಜ ತಿಕ್ಕುವುದು, ಮಾವ ಜೀವ ಹೋಗುವವರಂತೆ ನರಳುವುದು, ಕೂಸಿನ ಹಂಗ ಅಳಬ್ಯಾಡ್ರಿ ಎಂದು ಅತ್ತೆ ಗದರುವುದು. ಆಮೇಲೆ ವ್ಯಾಯಾಮ. ಅದರ ನಡುವೆ ಊರಿನ ಸುದ್ದಿ, ಹೊಲದ ಸುದ್ದಿ, ಯಾವುದೋ ಕಾಲದ ಜಗಳದ ಬಾಕಿ. ಅವರ ಮಾತು ಮುಗಿಯುವವರೆಗೆ ಇಬ್ಬರಿಗೂ ಚಹಾ ಒಯ್ದು ಕೊಟ್ಟು, ಎಣ್ಣೆಯ ಬಟ್ಟಲು ಬಿಸಿ ಮಾಡಿ ಮಾಡಿ, ನನ್ನ ಸೀರೆಯೆಲ್ಲ ಅದೇ ವಾಸನೆ.

ದೀಪಾವಳಿ ಮುಗಿದರೂ ಮಾವನ ಕೈ ಕಿವಿಯಿಂದ ಮೇಲೇರಲಿಲ್ಲ. ಮಗಳ ಮುಖ ದಿನದಿನಕ್ಕೆ ಸಣ್ಣದಾಯಿತು. ಒಂದು ದಿನ ಕಚೇರಿಯಿಂದ ಬೇಗ ಬಂದೆ. ಅತ್ತೆ ಮನೆಯಲ್ಲಿರಲಿಲ್ಲ. ಹಿತ್ತಲಿಗೆ ಹೋಗಿ ನೋಡುತ್ತೇನೆ, ನಮ್ಮ ಮಾವ ಬಲಗೈಯನ್ನು ಆಕಾಶಕ್ಕೆ ಚಾಚಿ ಚಪ್ಪರದ ಮೇಲಿನ ಹೀರೇಕಾಯಿ ಹರಿಯುತ್ತಿದ್ದಾರೆ! ನನ್ನನ್ನು ಕಂಡದ್ದೇ ಕೈ ಟಪ್ಪನೆ ಕೆಳಗಿಳಿಯಿತು, ಮುಖದ ಮೇಲೆ ನೋವೂ ಬಂತು. ನನಗೆ ಎಲ್ಲಿಲ್ಲದ ಸಿಟ್ಟು. ಮೊಮ್ಮಗಳು ಅಲ್ಲಿ ಅಳುತ್ತಿದ್ದಾಳೆ, ನೀವು ಇಲ್ಲಿ ನಾಟಕ ಆಡುತ್ತಿದ್ದೀರಿ, ಈಗಲೇ ಅತ್ತೆಗೆ ಹೇಳುತ್ತೇನೆ ಎಂದೆ. ಮಾವ ಹೀರೇಕಾಯಿಯನ್ನು ನನ್ನ ಕೈಗೆ ಕೊಟ್ಟು, ದನಿ ತಗ್ಗಿಸಿದರು.

"ನಿಮ್ಮತ್ತಿ ಬೆರಳು ಮಡಚಾಕ ಬರತಿದ್ದಿಲ್ಲ, ನೋಡಿಯೇನವಾ? ಕಣ್ಣು ಕಾಣಂಗಿಲ್ಲ ಅಂತ ಸುಳ್ಳು ಹೇಳಿ ಕೌದಿ ಗಂಟು ಕಟ್ಟಿ ಇಟ್ಟಾಳ. ನೀನೂ ಎಣ್ಣಿ ಹಚ್ಕೋ ಅಂದ್ರ ನನಗೇನಾಗೇತಿ ಅಂತಾಳ. ನನ್ನ ಭುಜಾ ತಿಕ್ಕಿದ್ರ ಆಕಿ ಕೈಗೂ ಬಿಸಿ ಎಣ್ಣಿ ಹತ್ತತೈತೆಲ್ಲ."

ಬೆಳ್ಳುಳ್ಳಿ, ಸೊಪ್ಪು, ಬತ್ತಿ ಎಲ್ಲ ನನ್ನ ಪಾಲಿಗೇ ಏಕೆ ಬಂದಿದ್ದವೆಂದು ಆಗ ತಿಳಿಯಿತು. ಮೊಮ್ಮಗಳಿಗೆಂದು ಅತ್ತೆ ಹಳೆ ಸೀರೆ ಜೋಡಿಸಿ ಹೊಲಿಯಲು ಹಿಡಿದ ಕೌದಿ ಅರ್ಧಕ್ಕೇ ನಿಂತಿತ್ತು. ಕಣ್ಣಿನ ನೆಪವನ್ನು ನಾನೂ ನಂಬಿದ್ದೆ. ನನ್ನ ಸಿಟ್ಟು ಎಲ್ಲಿ ಹೋಯಿತೋ. ನಿಶ್ಚಯದ ದಿನ ಏನು ಮಾಡುತ್ತೀರಿ ಎಂದು ಕೇಳಿದರೆ, ಅದೇ ತಿಳೀವಲ್ದು ಎಂದು ತಲೆ ಕೆರೆದುಕೊಂಡರು. ಕಟ್ಟಿದರೆ ಸುಳ್ಳು ಬಯಲು, ಎಣ್ಣೆ ಬಂದ್. ಕಟ್ಟದಿದ್ದರೆ ಮೊಮ್ಮಗಳ ಕಣ್ಣೀರು.

ಎಣ್ಣೆ ತೀರಿತೆಂದು ಅತ್ತೆ ಮತ್ತೊಂದು ಸಲ ಕಾಯಿಸಲು ಕುಳಿತರು. ಈ ಸಲ ಬೆಳ್ಳುಳ್ಳಿಯನ್ನು ತಾವೇ ಸುಲಿಯುತ್ತಿದ್ದರು. ನಾನು ಏನೂ ಅರಿಯದವಳಂತೆ, ಮಾವನ ಭುಜ ಸ್ವಲ್ಪ ಬಿಟ್ಟಿದೆಯೇ ಎಂದು ಕೇಳಿದೆ. ಅತ್ತೆ ತಲೆ ಎತ್ತಲಿಲ್ಲ.

"ಬಿಟ್ಟು ಭಾಳ ದಿನ ಆತು. ತಿಕ್ಕೋ ಕೈಗೆ ಗೊತ್ತಾಗಂಗಿಲ್ಲೇನು?"

ಮತ್ತೆ ಇಷ್ಟು ದಿನ ಏಕೆ ತಿಕ್ಕಿದಿರಿ ಎಂದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿದರು.

"ಮದಿವಿ ಆದಾಗಿಂದ ಆ ಮನಷ್ಯಾ ನನ್ನ ಮುಂದ ಹಿಂಗ ಒಂದು ತಾಸು ಕುಂತಿದ್ದಿಲ್ಲವಾ. ಕುಂದರ್ಲಿ ಬಿಡು. ನೀ ಏನೂ ಹೇಳಬ್ಯಾಡ."

ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಅದೇ ಸೆರಗಿನಿಂದ ಕಣ್ಣನ್ನೂ ಒರೆಸಿಕೊಂಡೆ. ಇಬ್ಬರ ಗುಟ್ಟನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡು ತಿರುಗುವುದು ನನ್ನಂಥ ಬಾಯಿಬಡಕಿಗೆ ದೊಡ್ಡ ಶಿಕ್ಷೆ.

ನಿಶ್ಚಯದ ಮುಂಜಾನೆ ಬಾಗಿಲಿಗೆ ಗಾಡಿ ಬಂದು ನಿಂತಿತು. ಉಳಿದವರು ಹತ್ತಿದರೂ ಮಗಳು ಹೊಸ್ತಿಲಲ್ಲೇ ನಿಂತಿದ್ದಳು, ಅವಳ ಪಕ್ಕದಲ್ಲಿ ಅತ್ತೆ. ಮಾವ ಒಳಗಿನಿಂದ ರುಮಾಲಿನ ಬಟ್ಟೆ ಹಿಡಿದು ಬಂದರು. ಅವಳ ಮುಖವನ್ನೊಮ್ಮೆ, ಅತ್ತೆಯ ಕೈಯನ್ನೊಮ್ಮೆ ನೋಡಿದರು. ಬಟ್ಟೆಯ ಒಂದು ತುದಿ ಹಲ್ಲಲ್ಲಿ ಕಚ್ಚಿ ಎರಡೂ ಕೈ ಎತ್ತಿದರು. ಸರಸರನೆ ಸುತ್ತು ಬಿದ್ದವು, ಒಂದೂ ಸಡಿಲವಿಲ್ಲ. ಮಗಳು ಕುಣಿದೇಬಿಟ್ಟಳು. ಕೊನೆಯ ತುದಿಯೊಂದು ಹಿಂದೆ ಜೋತುಬಿದ್ದಿತ್ತು. ಅದಕ್ಕೆ ಕೈ ಎಟುಕದವರಂತೆ ಮಾವ ಸುಮ್ಮನೆ ನಿಂತರು. ಅತ್ತೆ ಹಿಂದಿನಿಂದ ಬಂದು, ಆ ತುದಿಯನ್ನು ಮಡಚಿ ಬೆರಳ ತುದಿಯಿಂದ ನೀಟಾಗಿ ಒಳಗೆ ಸಿಕ್ಕಿಸಿದರು.

ಗಾಡಿಯಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. ಮತ್ತೊಬ್ಬರ ಕೈ ಹಚ್ಚಗೊಡುವುದಿಲ್ಲ ಎಂದಿದ್ದಿರಲ್ಲ ಎಂದು ಮಾವನನ್ನು ಕೆಣಕಿದೆ.

"ಆಕಿ ಮತ್ತೊಬ್ಬಾಕಿ ಹೆಂಗಾಗ್ತಾಳ?" ಎಂದರು ಅವರು, ಹೊರಗಿನ ಭತ್ತದ ಗದ್ದೆ ನೋಡುತ್ತಾ. ಅತ್ತೆ ಕೇಳಿಸಿಕೊಂಡರೂ ಕೇಳಿಸದವರಂತೆ ಸೆರಗು ಸರಿಪಡಿಸಿಕೊಂಡರು.

ಇನ್ನು ಎಣ್ಣೆಯ ಕಾಟ ತಪ್ಪಿತು ಎಂದುಕೊಂಡಿದ್ದೆ. ಮರುದಿನ ಮುಂಜಾನೆ ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ಕಟ್ಟೆಯ ಮೇಲೆ ನರಳುವ ಸದ್ದು. ರುಮಾಲು ಕಟ್ಟಿದ್ದಕ್ಕೆ ಭುಜ ಮತ್ತೆ ಹಿಡಿದುಕೊಂಡಿದೆಯಂತೆ. ಅತ್ತೆ ಕೌದಿಗೆ ಚುಚ್ಚಿದ ಸೂಜಿಯನ್ನು ಅಲ್ಲಿಯೇ ಬಿಟ್ಟು ಎದ್ದು ಬಂದರು, ಮುಖ ಗಂಭೀರ ಮಾಡಿಕೊಂಡು ನನ್ನ ಕಡೆ ನೋಡಿದರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಎಣ್ಣೆಯ ಬಟ್ಟಲನ್ನು ಒಲೆಯ ಮೇಲಿಟ್ಟೆ. ಆ ದಿನದ ಬಸ್ಸು ತಪ್ಪಿತು.